ಹಣ್ಣಿನ ಡ್ರೈವರ್ ಸಾಹೇಬರು

ವಾಡಿ ಜಂಕ್ಷನ್ನಿನಲ್ಲಿ ಮಿರ್ಚಿ ಭಜಿ ಕರಿಯುವ ವಾಸನೆ ಬಂದರೆ ಸತ್ತವನೂ ಎದ್ದು ಕೂತು ಒಂದು ಪ್ಲೇಟು ಕೇಳುತ್ತಾನೆ ಎಂದು ನಮ್ಮಲ್ಲಿ ತಮಾಷೆ ಮಾಡುತ್ತಾರೆ. ಆ ವಾಸನೆಯ ನಡುವೆಯೇ ಗೂಡ್ಸ್ ಗಾಡಿಯ ಎಂಜಿನ್ನಿನಲ್ಲಿ ಕೂತು, ಪೇರಲ ಹಣ್ಣನ್ನು ಚಾಕುವಿನಿಂದ ನಾಲ್ಕು ಹೋಳು ಮಾಡಿ, ಉಪ್ಪು ಖಾರ ಏನೂ ಹಚ್ಚದೆ ನಿಧಾನವಾಗಿ ಅಗಿಯುವವರನ್ನು ನಾನು ಒಬ್ಬರನ್ನೇ ನೋಡಿದ್ದೇನೆ. ಹೋದ ತಿಂಗಳು ಅವರು ರಿಟೈರ್ ಆದರು. ಬೀಳ್ಕೊಡುಗೆಗೆ ಬಂದವರೆಲ್ಲ ಶಾಲಿನ ಜೊತೆ ಒಂದೊಂದು ಹಣ್ಣಿನ ಚೀಲವನ್ನೂ ತಂದಿದ್ದರಿಂದ ಮೇಜು ಸೇಡಂ ಸಂತೆಯ ಅಂಗಡಿಯ ಹಾಗೆ ಕಾಣುತ್ತಿತ್ತು. ಅವರ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ ಎಂದಾಗ ಒಪ್ಪಿದರು, ಆದರೆ ಹೆಸರು ಹಾಕಬೇಡ ಎಂದರು. "ಹೆಸರು ಹಾಕಿದಿ ಅಂದ್ರ ನಾಳಿಂದ ಮಂದಿ ಸಕ್ಕರಿ ಬ್ಯಾನಿಗೆ ಔಷಧ ಕೊಡ್ರಿ ಅಂತ ಮನಿ ಬಾಗಲಿಗೆ ಬರ್ತಾರ. ನಾ ಡ್ರೈವರ್ ಇದ್ದೀನಿ, ಡಾಕ್ಟರ್ ಅಲ್ಲ."

ಗೂಡ್ಸ್ ಗಾಡಿಯ ಡ್ರೈವರಿಗೆ ಪಕ್ಕದ ಸೀಟಿನಲ್ಲಿ ಒಬ್ಬ ಅಸಿಸ್ಟೆಂಟ್ ಇರುತ್ತಾನೆ. ಆರು ವರ್ಷ ಆ ಅಸಿಸ್ಟೆಂಟ್ ನಾನಾಗಿದ್ದೆ. ವಾಡಿಯಿಂದ ಒಂದು ಹಾದಿ ಶಹಾಬಾದಿನ ಕಡೆ, ಒಂದು ನಾಲವಾರದ ಕಡೆ, ಇನ್ನೊಂದು ಚಿತ್ತಾಪುರ, ಸೇಡಂ ದಾಟಿ ತೆಲಂಗಾಣದ ಕಡೆ ಹೋಗುತ್ತದೆ. ಸಿಮೆಂಟು, ಕಲ್ಲಿದ್ದಲು ಹೇರಿಕೊಂಡು ನಾವು ಈ ಮೂರು ಹಾದಿಗಳಲ್ಲೇ ಹೋಗಿ ಬರುತ್ತಿದ್ದೆವು. ಈ ಕೆಲಸದಲ್ಲಿ ಊಟಕ್ಕೆ ಹೊತ್ತು ಗೊತ್ತು ಇಲ್ಲ. ಗಾಡಿ ಎಲ್ಲಿ ನಿಂತಿತೋ ಅಲ್ಲಿ ಸಿಕ್ಕಿದ್ದನ್ನು ತಿನ್ನಬೇಕು, ಮತ್ತು ನಮ್ಮ ಕಡೆ ಸಿಗುವುದು ಭಜಿ, ಸಕ್ಕರೆ ಸುರಿದ ಚಹಾ, ಮತ್ತೆ ಭಜಿ. ನಲವತ್ತು ದಾಟುವುದರೊಳಗೆ ಅರ್ಧ ಜನಕ್ಕೆ ಸಕ್ಕರೆ, ಉಳಿದ ಅರ್ಧಕ್ಕೆ ಬಿಪಿ, ನಸೀಬು ಜೋರಾಗಿದ್ದವರಿಗೆ ಎರಡೂ.

ಸಾಹೇಬರಿಗೆ ಎರಡೂ ಇದ್ದವು. ನಾನು ಅವರ ಜೋಡಿ ಸೇರುವ ಮೊದಲೇ ಒಂದು ಸಲ ಮೆಡಿಕಲ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದರು. ಡ್ರೈವರುಗಳಿಗೆ ಆಗಾಗ ಕಣ್ಣು, ರಕ್ತ, ಎಲ್ಲ ನೋಡುತ್ತಾರೆ. ಅಂಕಿಗಳು ಹದ್ದಿನಲ್ಲಿ ಇಲ್ಲದಿದ್ದರೆ ಗಾಡಿಯಿಂದ ಇಳಿಸುತ್ತಾರೆ. ಅವರನ್ನು ನಾಲ್ಕು ತಿಂಗಳು ಇಳಿಸಿದ್ದರು. ಆ ನಾಲ್ಕು ತಿಂಗಳು ಲಾಬಿಯಲ್ಲಿ, ಅಂದರೆ ಡ್ರೈವರುಗಳು ಡ್ಯೂಟಿಗೆ ಬಂದು ಸಹಿ ಮಾಡುವ ಕೋಣೆಯಲ್ಲಿ, ಒಂದು ಬೆಂಚಿನ ಮೇಲೆ ಕೂತು ಉಳಿದವರು ಗಾಡಿ ತೆಗೆದುಕೊಂಡು ಹೋಗುವುದನ್ನು ನೋಡಿದ್ದರಂತೆ. ಅದನ್ನು ಹೇಳುವಾಗ ಅವರ ಮುಖ ಸಣ್ಣದಾಗುತ್ತಿತ್ತು. "ತಮ್ಮಾ, ಊಟ ಬಿಟ್ಟೇನು, ನಿದ್ದಿ ಬಿಟ್ಟೇನು. ಹ್ಯಾಂಡಲ್ ಬಿಡಾಂಗಿಲ್ಲ. ಕಡೀ ಗಾಡಿ ತಂದು ನಿಂದ್ರಸಿ, ಅದರ ಮ್ಯಾಲಿಂದ ಇಳದೇ ರಿಟೈರ್ ಆಗಾಂವ ನಾ."

ಇದಕ್ಕೆ ಅರ್ಥವಿದೆ. ಡ್ರೈವರ್ ಕೊನೆಯ ಗಾಡಿ ತಂದು ನಿಲ್ಲಿಸಿದ ದಿನ ಜೊತೆಗಾರರೆಲ್ಲ ಹಲಗೆ ಬಾರಿಸಿ ಎಂಜಿನ್ನಿಗೆ ಹಾರ ಹಾಕುತ್ತಾರೆ; ಹೆಂಡತಿ ಮಕ್ಕಳು ಎಂಜಿನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ವಾಡಿಯ ರೈಲ್ವೆ ಕಾಲೊನಿಯಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ದೇವರ ಪಟದ ಪಕ್ಕ ಆ ಫೋಟೋ ಇರುತ್ತದೆ. ಸಾಹೇಬರಿಗೆ ಬೇರೆ ಆಸೆ ಇರಲಿಲ್ಲ. ಹಣ್ಣು ಹಂಪಲ ಎಲ್ಲ ಶುರುವಾದದ್ದು ಆ ಒಂದು ಆಸೆಯಿಂದಲೇ.

ಶುರುವಾತಿನಲ್ಲೇ ಎಡವಿದ್ದನ್ನು ತಾವೇ ನಗುತ್ತ ಹೇಳುತ್ತಿದ್ದರು. ರೈಲ್ವೆ ಆಸ್ಪತ್ರೆಯ ಡಾಕ್ಟರಮ್ಮ ಕರಿದದ್ದು ಬಿಡಿ, ಉಪ್ಪು ಇಳಿಸಿ, ಕಾಯಿಪಲ್ಯ ಹಣ್ಣು ಹೆಚ್ಚು ತಿನ್ನಿ ಎಂದರಂತೆ. ಇವರು ಹಣ್ಣು ಎಂದದ್ದನ್ನಷ್ಟೇ ಗಟ್ಟಿಯಾಗಿ ಹಿಡಿದರು. ವಾಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮುಂಜಾನೆ ಸಂಜೆ ದೊಡ್ಡ ಗ್ಲಾಸಿನ ತುಂಬ ಮೋಸಂಬಿ ರಸ ಕುಡಿದರು. ಒಂದು ತಿಂಗಳಾದ ಮೇಲೆ ರಕ್ತ ಕೊಟ್ಟರೆ ಸಕ್ಕರೆ ಮೊದಲಿಗಿಂತ ಮೇಲೆ. "ಡಾಕ್ಟರಮ್ಮ ಬೈದ್ಳು ನೋಡು! ಹಣ್ಣು ಅಗೀರಿ ಅಂದೀನಿ, ಕುಡೀರಿ ಅಂದಿಲ್ಲ. ನಾರು ಎಲ್ಲಾ ಬುಟ್ಟಿಗೆ ಒಗದು ಸಕ್ಕರಿ ನೀರು ಅಷ್ಟೇ ಹೊಟ್ಟಿಗೆ ಹಾಕ್ಕೊಂಡ್ರ ಏನಾಗ್ತದ ಅಂದ್ಳು." ಆವತ್ತಿನಿಂದ ರಸದ ಗ್ಲಾಸಿಗೆ ದೂರದಿಂದಲೇ ಕೈಮುಗಿದರು. ಹಲ್ಲಿಗೆ ಕೆಲಸ ಕೊಟ್ಟರೆ ಮಾತ್ರ ಹಣ್ಣು ತಿಂದ ಲೆಕ್ಕ ಎಂಬುದು ಅವರ ಮೊದಲ ಕಾನೂನಾಯಿತು.

ಎರಡನೆಯ ಕಾನೂನು ಉಪ್ಪಿನದು. ನಮ್ಮಲ್ಲಿ ಪೇರಲಕ್ಕೆ ಉಪ್ಪು ಖಾರ ಹಚ್ಚದೆ ತಿನ್ನುವುದು ಅಂದರೆ ಹಣ್ಣಿಗೆ ಅವಮಾನ ಮಾಡಿದ ಹಾಗೆ. ನಾನು ತೆಂಗಳಿಯವನು, ಕಲ್ಲಂಗಡಿಗೂ ಉಪ್ಪು ಉದುರಿಸುವ ಮನೆಯಲ್ಲಿ ಬೆಳೆದವನು. ಮೊದಲ ದಿನ ಅವರು ಹೋಳು ಕೊಟ್ಟಾಗ ಜೇಬಿನಿಂದ ಉಪ್ಪಿನ ಪುಡಿಕೆ ತೆಗೆದೆ. "ಇಡು ಒಳಗ," ಎಂದರು. "ಪೇರಲ ಬಿಪಿ ಇಳಿಸಾಕ ಹೋಗ್ತದ, ನೀ ಅದರ ಬೆನ್ನ ಮ್ಯಾಲ ಉಪ್ಪು ಕುಂದ್ರಿಸಿ ಕಳಸ್ತಿ. ಪಾಪ ಅದು ಏನ್ ಮಾಡ್ಬೇಕು?" ಸಪ್ಪೆ ಪೇರಲದ ರುಚಿ ಹತ್ತಲು ನನಗೆ ಆರು ತಿಂಗಳು ಹಿಡಿಯಿತು. ಈಗಲೂ ಮನೆಯಲ್ಲಿ ಯಾರೂ ಇಲ್ಲದಾಗ ಸ್ವಲ್ಪ ಉಪ್ಪು ಹಚ್ಚುತ್ತೇನೆ ಎಂದು ಇಲ್ಲಿ ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ಅವರದು ಚಿಂಚೋಳಿ ತಾಲೂಕಿನ ಗಡಿಯ ಊರು. ಸಿಟ್ಟು ಬಂದಾಗ ತೆಲುಗು, ಸಂತೋಷವಾದಾಗ ದಖನಿ ಉರ್ದು, ಉಳಿದ ಹೊತ್ತಿನಲ್ಲಿ ಕನ್ನಡ. ಗಿಡ್ಡ ಆಳು, ತೋಳು ಮಾತ್ರ ಪೈಲ್ವಾನನ ಹಾಗೆ. ಕಾಲೊನಿಯ ಮನೆಯ ಹಿಂದೆ ಶಹಾಬಾದ್ ಕಲ್ಲು ಹಾಸಿದ ಅಂಗಳದ ಅಂಚಿಗೆ ಎರಡು ಪಪಾಯಿ, ಒಂದು ಪೇರಲ ಹಚ್ಚಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ನೇರಳೆ ಹಣ್ಣು ತರಲು ಊರಿಗೆ ಹೋಗಿಬರುತ್ತಿದ್ದರು, ಶರ್ಟಿನ ಜೇಬೆಲ್ಲ ನೀಲಿ ಕಲೆ. ವೈನಿ, ಅಂದರೆ ಅವರ ಹೆಂಡತಿ, ಆ ಕಲೆ ತಿಕ್ಕುತ್ತ ನನಗೆ ಹೇಳಿದ್ದರು: "ಲಗ್ನ ಮಾಡುವಾಗ ವರ ರೈಲ್ವೆದಾಗ ಇದ್ದಾನ ಅಂದಿದ್ರು. ಮಂಗ್ಯಾ ಅಂತ ಯಾರೂ ಹೇಳಲಿಲ್ಲ ನೋಡಪಾ."

ಬೆರಳು ಚುಚ್ಚಿ ಸಕ್ಕರೆ ನೋಡುವ ಸಣ್ಣ ಮಿಷನ್ ಒಂದು ಅವರ ಹತ್ತಿರ ಇತ್ತು. ಹೊಸ ಹಣ್ಣು ಸಿಕ್ಕರೆ ಮೊದಲು ಒಂದೇ ಒಂದು ತಿನ್ನುವುದು, ಎರಡು ತಾಸು ಬಿಟ್ಟು ಬೆರಳು ಚುಚ್ಚುವುದು. ಹೀಗೆ ಪರೀಕ್ಷೆ ಮಾಡಿ ಹಣ್ಣುಗಳಿಗೆ ದರ್ಜೆ ಕೊಟ್ಟಿದ್ದರು. ಪೇರಲ, ನೇರಳೆ, ಹದವಾಗಿ ಹಣ್ಣಾದ ಪಪಾಯಿ ಮೊದಲ ದರ್ಜೆ. ಸೀತಾಫಲ ಕಂಡರೆ ಜೀವ ಬಿಡುತ್ತಿದ್ದರು, ಆದರೆ ಅದು ಕೈಕೊಟ್ಟಿತು. ಆ ದಿನ ಮಿಷನ್ನಿನ ಅಂಕಿಯನ್ನು ನೋಡಿ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಕೂತಿದ್ದರು. ತೆಲಂಗಾಣದ ಬೇನಿಶಾನ್ ಮಾವು ವರ್ಷಕ್ಕೆ ಎರಡು ಹೋಳು, ಅದೂ ಊಟದ ಒಂದು ರೊಟ್ಟಿ ಕಡಿಮೆ ಮಾಡಿ. ಬಾಳೆಹಣ್ಣಿನ ವಿಷಯದಲ್ಲಿ ದೊಡ್ಡ ತಕರಾರಿತ್ತು. ಬಿಪಿಗೆ ಒಳ್ಳೆಯದು ಎಂದು ಡಾಕ್ಟರಮ್ಮ ಹೇಳಿದ್ದರು, ಸಕ್ಕರೆಗೆ ಜಾಸ್ತಿಯಾಗುತ್ತದೆ ಎಂದು ಮಿಷನ್ ಹೇಳುತ್ತಿತ್ತು. ಕೊನೆಗೆ ಅರ್ಧ ಅವರು, ಅರ್ಧ ನಾನು ಎಂದು ತೀರ್ಮಾನವಾಯಿತು. ಆರು ವರ್ಷ ನನಗೆ ದಿನಾ ಅರ್ಧ ಬಾಳೆಹಣ್ಣು ಸಿಕ್ಕಿದ್ದು ಅವರ ಸಕ್ಕರೆಯ ಕೃಪೆ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹಣ್ಣು ತಿಂದರೆ ಗುಳಿಗೆ ಬೇಡ ಎಂದು ಅವರು ಯಾರಿಗೂ ಹೇಳಿದವರಲ್ಲ. ಲಾಬಿಯಲ್ಲಿ ಮೆಡಿಕಲ್ ಹತ್ತಿರ ಬಂದಾಗ ಒಂದು ಮೋಜು ನಡೆಯುತ್ತದೆ: ವರ್ಷವಿಡೀ ಭಜಿ ತಿಂದವರು ಹದಿನೈದು ದಿನ ಹಾಗಲಕಾಯಿ ರಸ ಕುಡಿದು, ಮೆಂತ್ಯ ನೆಕ್ಕಿ, ಒಪ್ಪೊತ್ತು ಮಾಡಿ ಸಾಧುಗಳಾಗುತ್ತಾರೆ. ಅಂಥವರನ್ನು ಕಂಡರೆ ಸಾಹೇಬರು, "ಈಗ ಮೂರು ತಿಂಗಳ ಸಕ್ಕರಿ ಒಮ್ಮೆಲೆ ತೋರಸೂ ಟೆಸ್ಟ್ ಬಂದದರಿ. ಹಿಂದಿನ ಭಜಿ ಎಲ್ಲಾ ಸಾಕ್ಷಿ ಹೇಳ್ತಾವ," ಎಂದು ನಗುತ್ತಿದ್ದರು. ಅವರಿಗೆ ಆ ಭಯವಿರಲಿಲ್ಲ. ಮುಂಜಾನೆ ಗುಳಿಗೆ, ಮಧ್ಯಾಹ್ನ ಒಂದೂವರೆ ಜೋಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ನಡುನಡುವೆ ಹಣ್ಣು, ಸಂಜೆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಾಲ್ಕು ಸುತ್ತು. ಮದುವೆ ಮನೆಗೆ ಹೋದರೂ ಇದೇ ನೇಮ. ಸೇಡಂನಲ್ಲಿ ಬೀಗರೊಬ್ಬರು ಹೋಳಿಗೆಯ ಮೇಲೆ ತುಪ್ಪ ಸುರಿದು ಕೈ ಹಿಡಿದು ಒತ್ತಾಯ ಮಾಡಿದಾಗ, ಜೇಬಿನಿಂದ ಪೇರಲ ತೆಗೆದು ಅವರ ಕೈಗೇ ಇಟ್ಟು, "ಮೊದಲ ನೀವು ಉಪ್ಪು ಖಾರ ಇಲ್ದ ಇದನ್ನ ತಿನ್ರಿ, ಆಮ್ಯಾಲ ನಾ ಅದನ್ನ ತಿಂತೀನಿ" ಎಂದರಂತೆ. ಬೀಗರು ಆ ವರ್ಷವೆಲ್ಲ ಮಾತು ಬಿಟ್ಟಿದ್ದರು.

ಚಿತ್ತಾಪುರದಲ್ಲಿ ಹಳಿಯ ದಾರಿ ಬದಲಿಸುವ ಒಬ್ಬ ಪಾಯಿಂಟ್ಸ್‌ಮನ್ ಇದ್ದ. ಕಿಡ್ನಿ ಕೆಟ್ಟು ಮನೆಯಲ್ಲಿ ಮಲಗಿದ್ದ. ನೋಡಲು ಹೋದವರೆಲ್ಲ ನಮ್ಮ ಪದ್ಧತಿಯ ಪ್ರಕಾರ ಒಂದು ಡಜನ್ ಬಾಳೆಹಣ್ಣು ಒಯ್ದಿದ್ದರು. ಸಾಹೇಬರು ಹೋಗುವ ಮೊದಲು ಡಾಕ್ಟರಮ್ಮನಿಗೆ ಫೋನ್ ಹಚ್ಚಿ ಕೇಳಿದರು. ಕಿಡ್ನಿ ಸರಿಯಿಲ್ಲದವರಿಗೆ ಬಾಳೆಹಣ್ಣು ಆಗದು ಎಂದು ಗೊತ್ತಾಯಿತು. ಅವನ ಮನೆಗೆ ಹೋಗಿ, ಗೂಡಿನಲ್ಲಿ ಇಟ್ಟಿದ್ದ ಹಣ್ಣುಗಳನ್ನೆಲ್ಲ ತಾವೇ ಚೀಲಕ್ಕೆ ತುಂಬಿಕೊಂಡು ಹೊರಬಂದರು. ನೋಡಿದವರು, ಇದೆಂಥ ಮನುಷ್ಯನಪ್ಪ, ಬೇನೆಯವನ ಮನೆಯ ಹಣ್ಣು ಕದ್ದುಕೊಂಡು ಹೋಗುತ್ತಾನೆ ಎಂದರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಬೇರೆಯವರ ಹೊಟ್ಟೆಯ ವಿಷಯದಲ್ಲಿ ಅಷ್ಟು ಜಾಗ್ರತೆ ಇದ್ದ ಮನುಷ್ಯ ತಮ್ಮ ವಿಷಯದಲ್ಲಿ ಒಂದೇ ಒಂದು ಸಲ ಕೇಳುವುದನ್ನು ಬಿಟ್ಟರು.

ಅವರ ರಿಟೈರ್ಮೆಂಟಿಗೆ ಎರಡು ವರ್ಷ ಉಳಿದಿತ್ತು. ಕೊನೆಯ ದೊಡ್ಡ ಮೆಡಿಕಲ್ ಬಂತು. ಇದರಲ್ಲಿ ಪಾಸಾದರೆ ಮುಂದೆ ಹೆಚ್ಚುಕಡಿಮೆ ಯಾರೂ ಕೇಳುವುದಿಲ್ಲ, ಹಾರದ ತನಕ ಹ್ಯಾಂಡಲ್ ಕೈಯಲ್ಲೇ. ಪಾಸಾದರೆ ಶ್ರಾವಣ ಪೂರ್ತಿ ಅನ್ನ ರೊಟ್ಟಿ ಮುಟ್ಟುವುದಿಲ್ಲ, ಹಣ್ಣು ಹಾಲಿನಲ್ಲೇ ಇರುತ್ತೇನೆ ಎಂದು ನಾಲವಾರದ ಮಠದ ಗದ್ದುಗೆಗೆ ಹರಕೆ ಹೊತ್ತರು. ಪಾಸಾದರು. ರಕ್ತದ ರಿಪೋರ್ಟು ಎಷ್ಟು ಚೆನ್ನಾಗಿ ಬಂತೆಂದರೆ ಡಾಕ್ಟರಮ್ಮ ಅದನ್ನು ಬೇರೆ ರೋಗಿಗಳಿಗೆ ತೋರಿಸಿದರಂತೆ. ತೋರಿಸುತ್ತ, "ಊಟದಾಗ ಏನರ ಬದಲಿ ಮಾಡೂದಿದ್ರ ನನಗ ಕೇಳಿ ಮಾಡ್ರಿ. ಗುಳಗಿ ಊಟಕ್ಕ ತಕ್ಕಂಗ ಕೊಟ್ಟೀನಿ," ಎಂದೂ ಹೇಳಿದ್ದರು. ಸಾಹೇಬರು ತಲೆಯಾಡಿಸಿ ಬಂದಿದ್ದರು. ದೇವರಿಗೆ ಹೊತ್ತ ಹರಕೆಯನ್ನು ಡಾಕ್ಟರ ಅಪ್ಪಣೆ ಕೇಳಿ ನಡೆಸುವುದೇ? ನಮ್ಮ ಕಡೆ ಯಾರಿಗೂ ಅದು ಹೊಳೆಯುವುದಿಲ್ಲ. ನನಗೂ ಹೊಳೆಯಲಿಲ್ಲ. ಉಳಿದವರು ಶ್ರಾವಣದ ಉಪವಾಸದಲ್ಲಿ ಸಾಬೂದಾನಿ ಖಿಚಡಿ, ಶೇಂಗಾ ಉಂಡಿ, ಆಲೂಗಡ್ಡೆ ಎಂದು ದಿನದ ಊಟಕ್ಕಿಂತ ಹೆಚ್ಚು ತಿನ್ನುತ್ತಾರೆ. ಇವರು ಅದರಲ್ಲೂ ಪ್ರಾಮಾಣಿಕರು. ಹಣ್ಣು ಅಂದರೆ ಹಣ್ಣೇ. ರೊಟ್ಟಿ ಹೋಯಿತು, ಗುಳಿಗೆ ಮಾತ್ರ ಮೊದಲಿನಷ್ಟೇ ಉಳಿಯಿತು.

ಎರಡನೆಯ ವಾರದಲ್ಲಿ ಪಪಾಯಿ ಕೊಯ್ಯುವಾಗ ಅವರ ಕೈ ನಡುಗಿದ್ದನ್ನು ನೋಡಿದೆ. ಇನ್ನೊಂದು ದಿನ, ಮೋಡದ ತಂಪಿನಲ್ಲಿ ಅವರ ಹಣೆಯ ಮೇಲೆ ಬೆವರು ಕಂಡೆ. "ವೈನಿ ಏನೂ ಅನ್ನಲಿಲ್ಲೇನ್ರಿ ಸರ, ಭಾಳ ಸೊರಗೀರಿ," ಎಂದೆ. "ಸೊರಗಿಲ್ಲ, ಹಗುರ ಆಗೀನಿ," ಎಂದರು. ಹಿರಿಯರು, ಮೇಲಾಗಿ ಹರಕೆ. ಅಡ್ಡ ಬರಬಾರದು ಎಂದುಕೊಂಡೆ. ಅದು ನೆಪ. ಮಾತು ಹೊರಬಿದ್ದರೆ ಅವರನ್ನು ಗಾಡಿಯಿಂದ ಇಳಿಸುತ್ತಾರೆ, ಇಳಿಸಲು ಕಾರಣ ನಾನಾಗುತ್ತೇನೆ ಎಂಬ ಹೆದರಿಕೆ ನನ್ನ ಬಾಯಿ ಕಟ್ಟಿತ್ತು.

ಆ ದಿನ ಮುಂಜಾನೆ ಸಿಮೆಂಟು ಹೇರಿದ ಗಾಡಿ ತೆಗೆದುಕೊಂಡು ವಾಡಿ ಬಿಟ್ಟೆವು. ಸಾಹೇಬರು ಗುಳಿಗೆ ನುಂಗಿ ಒಂದು ಲೋಟ ಹಾಲು ಕುಡಿದು ಬಂದಿದ್ದರು. ಚಿತ್ತಾಪುರದಲ್ಲಿ ಪ್ಯಾಸೆಂಜರ್ ಗಾಡಿಗಳಿಗೆ ದಾರಿ ಬಿಡಲು ನಮ್ಮನ್ನು ಬದಿಯ ಲೈನಿಗೆ ಹಾಕಿದರು. ಎರಡು ತಾಸು ಅಲ್ಲೇ. ಅವರ ಡಬ್ಬಿ ತೆರೆದರೆ ಕೈ ಒಡ್ಡುವವರಿಗೆ ಕೊರತೆ ಎಲ್ಲಿ? ಪಾಯಿಂಟ್ಸ್‌ಮನ್‌ಗಳು, ಹಳಿ ರಿಪೇರಿಯ ಹೆಣ್ಣುಮಕ್ಕಳು, ಎಲ್ಲರಿಗೂ ಒಂದೊಂದು ಹೋಳು ಕೊಟ್ಟರು. ಗುಳಿಗೆಯ ಮೇಲೆ ಹಾಲು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಡಬ್ಬಿ ಮುಚ್ಚುವಾಗ ಅವರಿಗೆ ಅಂತ ಉಳಿದದ್ದು ಎರಡು ಹೋಳು ಪಪಾಯಿ. ಅಷ್ಟನ್ನೇ ತಿಂದು, ಸೇಡಂ ಬರಲಿ, ಅಲ್ಲಿ ಬೇರೆ ಹಣ್ಣು ತಗೊಳ್ಳೋಣ ಎಂದರು. ಸೇಡಂನಲ್ಲಿ ನಮಗೆ ಹಸಿರು ಸಿಕ್ಕಿತು, ಗಾಡಿ ನಿಲ್ಲಲೇ ಇಲ್ಲ.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಸಿಗ್ನಲ್ ಕಂಡ ಕೂಡಲೇ ಒಬ್ಬರು ಕೈ ತೋರಿಸಿ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಿ ಹೇಳಬೇಕು, ಇನ್ನೊಬ್ಬರು ಅದನ್ನೇ ಮತ್ತೆ ಕೂಗಬೇಕು. ನಾಲ್ಕು ಕಣ್ಣು ಒಂದೇ ಬಣ್ಣ ನೋಡಿವೆ ಎಂದು ಖಾತ್ರಿಯಾಗಲಿ ಎಂದು. ಎಷ್ಟೋ ಡ್ರೈವರುಗಳು ಇದನ್ನು ಗೊಣಗಿ ಮುಗಿಸುತ್ತಾರೆ. ಸಾಹೇಬರು ಆರು ವರ್ಷದಲ್ಲಿ ಒಂದು ಸಲವೂ ಗೊಣಗಿದ್ದಿಲ್ಲ. ಗುಡಿಯಲ್ಲಿ ಮಂತ್ರ ಹೇಳುವವರ ಹಾಗೆ ಎದೆಯಿಂದ ಕೂಗುತ್ತಿದ್ದರು. ಸೇಡಂ ದಾಟಿ ಕುರಕುಂಟಾ ಸ್ಟೇಷನ್ನಿನ ಹತ್ತಿರ ಬಂದಾಗ ಎದುರಿಗೆ ಹಳದಿ ಕಂಡಿತು, ಅಂದರೆ ಅದರ ಮುಂದಿನ ಸಿಗ್ನಲ್ಲು ಕೆಂಪು. "ಹಳದಿ!" ಎಂದು ಕೂಗಿದೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ತಿರುಗಿ ನೋಡಿದರೆ ಅವರು ಕಣ್ಣು ತೆರೆದುಕೊಂಡೇ ಕೂತಿದ್ದಾರೆ, ಶರ್ಟು ಮೈಗೆ ಅಂಟಿದೆ, ಕೈ ಹ್ಯಾಂಡಲಿನ ಮೇಲೆ ನಡುಗುತ್ತಿದೆ. ನಾನು ಬ್ರೇಕಿಗೆ ಕೈ ಚಾಚುವಷ್ಟರಲ್ಲಿ ಅವರೇ ಬ್ರೇಕು ಹಾಕಿದರು. ಮುಂದಿನ ಕೆಂಪು ಸಿಗ್ನಲ್ಲಿಗೆ ಬಹಳ ಮೊದಲೇ ಗಾಡಿ ನಿಂತಿತು.

"ತಮ್ಮಾ," ಎಂದರು, ನಾಲಿಗೆ ತೊದಲುತ್ತಿತ್ತು, "ನನಗ ಸಿಗ್ನಲ್ ಎರಡು ಕಾಣಾಕತ್ತಾವ. ಸಕ್ಕರಿ ಇಳದದ."

ಚಹಾಕ್ಕೆಂದು ನನ್ನ ಪೆಟ್ಟಿಗೆಯಲ್ಲಿ ಸಕ್ಕರೆ ಇತ್ತು. ನೀರಿನಲ್ಲಿ ಕಲಸಿ ಕುಡಿಸಿದೆ. ಮಗುವಿನ ಹಾಗೆ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ಕುಡಿದರು. ವರ್ಷಗಟ್ಟಲೆ ಚಹಾಕ್ಕೂ ಸಕ್ಕರೆ ಮುಟ್ಟದ ಮನುಷ್ಯನಿಗೆ ನಾನೇ ಚಮಚ ಚಮಚ ಸುರಿದು ಕೊಡಬೇಕಾಯಿತಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿನಲ್ಲಿ ನಡುಕ ನಿಂತಿತು, ಮುಖಕ್ಕೆ ಬಣ್ಣ ಬಂತು. ಎದುರಿಗೆ ಸಿಗ್ನಲ್ ಇನ್ನೂ ಕೆಂಪೇ ಇತ್ತು. ಗಾಡಿ ಹೇಗಿದ್ದರೂ ಅಲ್ಲಿ ನಿಲ್ಲಬೇಕಾದದ್ದೇ, ಸ್ವಲ್ಪ ಮೊದಲು ನಿಂತಿದೆ, ಅಷ್ಟೆ. ಹಿಂದಿನ ಡಬ್ಬಿಯ ಗಾರ್ಡಿಗೂ ಏನೂ ಗೊತ್ತಾಗಿರಲಿಲ್ಲ.

ನಾನು ಹೇಳಿದೆ: "ಸರ, ಯಾರೂ ನೋಡಿಲ್ಲ. ನೀವಿದ್ದೀರಿ, ನಾ ಇದ್ದೀನಿ. ಈಗ ಆರಾಮ ಆಗೀರಿ. ಬ್ರೇಕಿನ ಪ್ರೆಷರ್ ನೋಡಾಕ ನಿಂದ್ರಸಿದ್ವಿ ಅಂತ ಬರದ್ರ ಮುಗೀತು. ನಾಳಿಂದ ರೊಟ್ಟಿ ತಿನ್ರಿ, ದೇವರು ಏನೂ ಅನ್ನಾಂಗಿಲ್ಲ. ಎರಡು ವರ್ಷರಿ ಸರ, ಎರಡೇ ವರ್ಷ."

ಅವರು ಹೊರಗೆ ನೋಡುತ್ತ ಕೂತಿದ್ದರು. ಎರಡೂ ಬದಿಗೆ ತೊಗರಿ ಹೊಲ, ಮೊಣಕಾಲೆತ್ತರ ಹಸಿರು. ಅವರಿಗೆ ನನ್ನ ಮಾತು ಬೇಕಾಗಿತ್ತು. ಅದು ನನಗೆ ಕಾಣಿಸಿತು. ಒಂದು ಸಲ ಹ್ಯಾಂಡಲಿನ ಮೇಲೆ ಕೈ ಇಟ್ಟು ತೆಗೆದರು. ಆಮೇಲೆ ವಾಕಿಟಾಕಿ ತಾವೇ ತೆಗೆದುಕೊಂಡು ಕುರಕುಂಟಾದ ಸ್ಟೇಷನ್ ಮಾಸ್ತರರನ್ನು ಕರೆದರು. ಸಿಗ್ನಲ್ ಕೂಗುವ ಅದೇ ಗಟ್ಟಿ ದನಿಯಲ್ಲಿ, "ಡ್ರೈವರ್ ಮಾತಾಡಾಕತ್ತೀನಿ. ನನ್ನ ತಬ್ಯಾತ್ ಗಾಡಿ ಓಡಸೂವಂಗ ಇಲ್ಲ. ಬ್ಯಾರೆ ಡ್ರೈವರ್‌ಗ ಕಳಸ್ರಿ," ಎಂದರು. ಆಚೆಯಿಂದ ಮಾಸ್ತರರು ಎರಡು ಸಲ, ಖರೇನಾ ಎಂದು ಕೇಳಿದರು. ಎರಡು ಸಲವೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರು.

ಬೇರೆ ಡ್ರೈವರ್ ಬರಲು ಮಧ್ಯಾಹ್ನವಾಯಿತು. ಆಮೇಲೆ ಸಾಹೇಬರಿಂದ ಹೇಳಿಕೆ ಬರೆಸಿಕೊಂಡರು. ವಿಚಾರಣೆಗೆ ಬಂದ ಅಧಿಕಾರಿ ಒಳ್ಳೆಯವರು. ಹರಕೆ, ಉಪವಾಸ ಅದೆಲ್ಲ ಯಾಕೆ, ಹಠಾತ್ತಾಗಿ ತಲೆ ಸುತ್ತಿತು ಎಂದಷ್ಟೇ ಬರೆಯಿರಿ, ಮತ್ತೆ ಗಾಡಿಗೆ ಏರಲು ಹಾದಿ ಇರುತ್ತದೆ ಎಂದು ಸೂಚಿಸಿದರು. ಸಾಹೇಬರು ಇಡೀ ಒಂದು ಪುಟ ಬರೆದರು. ಕೊನೆಯ ಸಾಲು ನನಗೆ ಬಾಯಿಪಾಠವಾಗಿದೆ: "ಇದರಲ್ಲಿ ಹಣ್ಣಿನ ತಪ್ಪಿಲ್ಲ, ಗುಳಿಗೆಯ ತಪ್ಪಿಲ್ಲ, ಹರಕೆಯ ತಪ್ಪೂ ಇಲ್ಲ. ಊಟ ಬದಲಿಸುವಾಗ ಡಾಕ್ಟರಿಗೆ ಕೇಳದೆ ಇದ್ದದ್ದು ನನ್ನ ತಪ್ಪು." ಮುಂದೆ ಸಹಿ. ಆ ಪುಟದ ಮೇಲೆಯೇ ಅವರನ್ನು ಗಾಡಿಯಿಂದ ಶಾಶ್ವತವಾಗಿ ಇಳಿಸಿ ಲಾಬಿಯಲ್ಲಿ ಕುರ್ಚಿಯ ಕೆಲಸ ಕೊಟ್ಟರು.

ವೈನಿ ಆವತ್ತು ಮನೆಯಲ್ಲಿ, "ಮಂಗ್ಯಾ ಕಡೀಕೂ ಗಿಡ ಇಳೀತು," ಎಂದು ನಗಲು ಹೋದರು. ನಗು ಅರ್ಧಕ್ಕೇ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಸಾಹೇಬರು ಅಂಗಳದಲ್ಲಿ ಕೂತು ಒಂದು ರೊಟ್ಟಿ ತಿಂದರು. ಡಾಕ್ಟರಮ್ಮ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದ್ದರು. ಇಷ್ಟು ವರ್ಷದ ಹಣ್ಣು ನಡಿಗೆಯಿಂದ ಮೈ ಅಷ್ಟು ಸುಧಾರಿಸಿತ್ತು. ಆ ಸುಧಾರಣೆಯನ್ನು ಮೊದಲೇ ಹೋಗಿ ತೋರಿಸಿದ್ದರೆ ಗುಳಿಗೆಯೂ ಮೊದಲೇ ಇಳಿಯುತ್ತಿತ್ತು. ಇದನ್ನು ಹೇಳಿ ಅವರು ಹಣೆ ಬಡಿದುಕೊಂಡದ್ದನ್ನು ನಾನು ನೋಡಿದ್ದೇನೆ. ಹರಕೆಯನ್ನೂ ಬಿಡಲಿಲ್ಲ. ಉಳಿದ ದಿನಗಳನ್ನು ಮುಂದಿನ ಶ್ರಾವಣದಲ್ಲಿ ಡಾಕ್ಟರಮ್ಮನನ್ನು ಕೇಳಿ, ಗುಳಿಗೆ ಹೊಂದಿಸಿಕೊಂಡು, ರಜೆ ಹಾಕಿ ಮುಗಿಸಿದರು.

ಲಾಬಿಯ ಕುರ್ಚಿಯಲ್ಲಿ ಕೂತು ಅವರು ಮಾಡಿದ್ದು ಸಣ್ಣ ಕೆಲಸವೇನಲ್ಲ. ಡ್ಯೂಟಿಗೆ ಬಂದ ಪ್ರತಿಯೊಬ್ಬರೂ ಸಹಿ ಮಾಡುವ ಮೊದಲು ಅವರ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು: "ಏನ್ ತಿಂದು ಬಂದೀರಿ? ಗುಳಗಿ ತಗೊಂಡೀರೇನು?" ಮೊದಮೊದಲು ಹುಡುಗರು ನಕ್ಕರು. ಆಮೇಲೆ ಒಬ್ಬೊಬ್ಬರೇ ಕುರ್ಚಿಯ ಹತ್ತಿರ ಬಗ್ಗಿ ಮೆಲ್ಲಗೆ ಮಾತಾಡತೊಡಗಿದರು. ಯಾರಿಗೂ ಹೇಳದೆ ಬಿಪಿ ಬಚ್ಚಿಟ್ಟವರು, ಗುಳಿಗೆ ನುಂಗಿ ಉಪವಾಸ ಬಂದವರು, ಹಣ್ಣು ತಿನ್ನುತ್ತೇನಲ್ಲ ಎಂದು ಗುಳಿಗೆಯನ್ನೇ ನಿಲ್ಲಿಸಿದವರು. ಅಂಥವರನ್ನು ಅವರು ಬೈಯುತ್ತಿರಲಿಲ್ಲ. ಡ್ರಾಯರಿನಿಂದ ಒಂದು ಪೇರಲ ತೆಗೆದು ಕೈಗಿಟ್ಟು, "ಇದನ್ನ ತಿನ್ಕೋತ ಡಾಕ್ಟರಮ್ಮನ ಕಡೆ ನಡೀರಿ, ನಾನೂ ಬರ್ತೀನಿ," ಎನ್ನುತ್ತಿದ್ದರು. ನಾನು ಡ್ರೈವರಾಗಿ ಬಡ್ತಿ ಪಡೆದ ದಿನವೂ ನನಗೆ ಶುಭಾಶಯಕ್ಕಿಂತ ಮೊದಲು ಬಂದದ್ದು ಆ ಎರಡು ಪ್ರಶ್ನೆಗಳೇ.

ಹೋದ ತಿಂಗಳ ಬೀಳ್ಕೊಡುಗೆ ಲಾಬಿಯಲ್ಲೇ ನಡೆಯಿತು. ಭಾಷಣಗಳಾದ ಮೇಲೆ ಯಾರೋ, ಹೊರಗೆ ಎಂಜಿನ್ ನಿಂತಿದೆ, ಸಾಹೇಬರನ್ನೂ ವೈನಿಯನ್ನೂ ಅದರ ಮುಂದೆ ನಿಲ್ಲಿಸಿ ಹಾರ ಹಾಕಿ ಫೋಟೋ ತೆಗೆಯೋಣ ಎಂದರು. ಎಲ್ಲರೂ ಹೌದೆಂದರು. ಸಾಹೇಬರು ಕೈ ಅಡ್ಡ ಮಾಡಿದರು. "ಬ್ಯಾಡ್ರಿ. ನಾ ತಂದಿರೋ ಗಾಡಿ ಅಲ್ಲ ಅದು. ಅದನ್ನ ತಂದಾಂವಗ ಹಾಕ್ರಿ ಹಾರ." ವೈನಿ ಬಂದು ಅವರ ಪಕ್ಕದಲ್ಲಿ ನಿಂತರು.

ಜನ ಚದುರಿದ ಮೇಲೆ ನಾವಿಬ್ಬರೇ ಉಳಿದೆವು. ಮೇಜಿನ ತುಂಬ ಹಣ್ಣಿನ ಚೀಲಗಳು. ಅವರು ಒಂದು ಮೋಸಂಬಿ ಸುಲಿದು ಅರ್ಧ ನನಗೆ ಕೊಟ್ಟರು. ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಆಡಿದೆ.

"ಸರ, ಅವತ್ತು ಕುರಕುಂಟಾದಾಗ ನನ್ನ ಮಾತು ಕೇಳಿದ್ರ, ಇವತ್ತ ನೀವು ಹಾರ ಹಾಕ್ಕೊಂಡು ಗಾಡಿ ಮ್ಯಾಲಿಂದ ಇಳೀತಿದ್ರಿ."

ಅವರು ತೊಳೆಯನ್ನು ಪೂರ್ತಿ ಅಗಿದು ನುಂಗಿದರು.

"ಇಳೀತಿದ್ದೆ, ತಮ್ಮಾ. ಖರೆ ಅದ. ಆದ್ರ ಆ ಎರಡು ವರ್ಷ ನನ್ನ ಬಾಜು ಕುಂತು ನೀ ಸಿಗ್ನಲ್ ನೋಡ್ತಿದ್ದಿಲ್ಲ. ಮತ್ತ ಸಕ್ಕರಿ ಇಳದದೇನು ಅಂತ ನನ್ನ ಮಾರಿ ನೋಡ್ತಿದ್ದಿ."